ಕೂರಿಸಿದ ಉಸಿರು

"ನನ್ನ ಆಲ್ಬಮ್ಮಿಗೆ ಬಣ್ಣಗಿಣ್ಣ ಹಚ್ಬೇಡ ಕಣೋ. ಮನೇಲಿ ಕೂತು ಹಾಡಿದ ಹಾಗೇ ಕೇಳಿಸ್ಬೇಕು," ಎಂದಿದ್ದ ಹಾಡುಗಾರ. ಬಾಲ್ಯದ ಗೆಳೆಯನಿಗೆ ಇಲ್ಲವೆನ್ನಲಾರದೆ, ರೆಕಾರ್ಡಿಂಗ್ ಮಾಡುವ ಸೌಂಡಿನವನು ಮೈಕುಗಳನ್ನು ಹೊತ್ತು ಅವನ ಮನೆಗೇ ಹೋದ. ಫ್ರಿಜ್ ಆರಿಸಿದ, ಗೋಡೆಗೆ ಕಂಬಳಿ ಕಟ್ಟಿದ, ಕಿರುಗುಟ್ಟುವ ಕುರ್ಚಿಯನ್ನು ಹೊರಗೆ ಹಾಕಿದ.

ಗಿಟಾರು ಚೆನ್ನಾಗಿಯೇ ಬಂತು. ಆದರೆ ಸಿಗರೇಟು ಸುಮ್ಮನೆ ಬಿಡುತ್ತದೆಯೇ? ಸಾಲುಸಾಲಿಗೂ ಹಾಡುಗಾರನ ಉಸಿರು ಗೊರಗೊರ ಎನ್ನುತ್ತಿತ್ತು. ಅದನ್ನು ಕತ್ತರಿಸಿದರೆ ಹಾಡಿನಲ್ಲಿ ಜೀವವೇ ಇಲ್ಲ. ಕೊನೆಗೆ ಸೌಂಡಿನವನು ತಾನೇ ಮೈಕಿನ ಮುಂದೆ ಕೂತು ಉಸಿರೆಳೆದು, ಆ ಉಸಿರನ್ನು ಪ್ರತಿ ಸಾಲಿನ ಮುಂದೆ ಕೂರಿಸಿದ. ವಿಷಯ ಹೇಳಿದಾಗ ಹಾಡುಗಾರ ಹೊಟ್ಟೆ ಹಿಡಿದುಕೊಂಡು ನಕ್ಕು ಬೆನ್ನು ತಟ್ಟಿದ್ದ.

ಬಿಡುಗಡೆಯ ಸಮಾರಂಭದಲ್ಲಿ ನೋಡಿದರೆ ಆಲ್ಬಮ್ಮಿನ ಮೇಲೆ ಸೌಂಡಿನವನ ಹೆಸರೇ ಇಲ್ಲ.

"ಬೇಜಾರ್ ಮಾಡ್ಕೋಬೇಡ ಕಣೋ. ಎಲ್ಲಾ ಸಹಜ ಅಂತ ಹೇಳಿ, ಕೆಳಗೆ ಸೌಂಡ್ ಮಿಕ್ಸಿಂಗ್ ಇಂಥವರದು ಅಂತ ಹಾಕಿದ್ರೆ ಯಾರು ನಂಬ್ತಾರೆ?" ಎಂದ ಹಾಡುಗಾರ.

ಅಷ್ಟರಲ್ಲಿ ಹಿರಿಯರೊಬ್ಬರು ಬಂದು ಹಾಡುಗಾರನ ಕೈ ಹಿಡಿದರು. "ಹಾಡು ಹಾಗಿರ್ಲಿ, ಆ ಉಸಿರು ಇದೆಯಲ್ಲಪ್ಪಾ, ಪಕ್ಕದಲ್ಲೇ ಕೂತು ಹಾಡಿದ ಹಾಗಿತ್ತು!"

ಹಾಡುಗಾರ ಗೆಳೆಯನ ಕಡೆ ತಿರುಗಿಯೂ ನೋಡಲಿಲ್ಲ.

"ಅದೆಲ್ಲಾ ದೇವರು ಕೊಟ್ಟಿದ್ದು ಸಾರ್," ಎಂದು ಎದೆ ಮುಟ್ಟಿಕೊಂಡ.