ಶುಕ್ರಲೋಕದ ಚಕ್ರವರ್ತಿ

ವೇದಿಕೆಯ ಎಡಗಡೆ, ದೀಪದ ಪಕ್ಕದಲ್ಲಿಯೇ, ಆಳೆತ್ತರದ ಒಂದು ರಾಕೆಟ್ ನಿಂತಿತ್ತು. ಥರ್ಮಾಕೋಲಿನದು. ಅದರ ಹೊಟ್ಟೆಯೊಳಗೆ ಕೆಂಪು ಬಲ್ಬೊಂದು ಹೊತ್ತುತ್ತ ಆರುತ್ತ ಇತ್ತು. ಸಭಾಭವನದ ಬಾಗಿಲಲ್ಲಿ ಚಪ್ಪಲಿ ಕಳಚುತ್ತಿದ್ದ ವಕೀಲ ಸಂಪತ್‌ಕುಮಾರರು ಅದನ್ನು ಕಂಡು ಒಂದು ಕಾಲಿನಲ್ಲೇ ನಿಂತುಬಿಟ್ಟರು.

“ಇದು ಎಂತದು ಅಶೋಕ?”

ಮಡಂತ್ಯಾರಿನ ತಾಳಮದ್ದಳೆ ಸಂಘದ ಕಾರ್ಯದರ್ಶಿ ಅಶೋಕ್ ತಲೆ ಕೆರೆದುಕೊಂಡ. “ನಿಝಾಮುದ್ದೀನ್ ತಂದಿಟ್ಟದ್ದು ವಕೀಲ್ರೇ. ವಾತಾವರಣ ಬರ್ಲಿಕ್ಕೆ ಅಂತೆ.”

“ಕೂತು ಮಾತಾಡುವ ತಾಳಮದ್ದಳೆಗೆ ವಾತಾವರಣವಾ? ರಾವಣನಿಗೂ ಬಿಳಿ ಪಂಚೆ, ರಾಮನಿಗೂ ಬಿಳಿ ಪಂಚೆ. ಕಿರೀಟ ಬೇಕು ಅಂತ ಇಷ್ಟು ವರ್ಷ ಯಾರೂ ಕೇಳ್ಲಿಲ್ಲ. ಇವನಿಗೆ ಮಾತ್ರ ರಾಕೆಟ್.”

“ಇವತ್ತೊಂದು ದಿನ ಸುಧಾರಿಸಿ ಮಾರ್ರೆ.”

ಸುಧಾರಿಸಿಕೊಂಡು, ಹೊಂದಿಕೊಂಡು ಹೋಗುವುದು ಸಂಪತ್‌ಕುಮಾರರ ಜಾಯಮಾನವಲ್ಲ. ಮನೆ ಮೂಡುಬಿದಿರೆಯಲ್ಲಿ, ಕಚೇರಿ ಬೆಳ್ತಂಗಡಿಯಲ್ಲಿ, ಹೆಸರು ಮಾತ್ರ ಚಾರ್ಮಾಡಿಯಿಂದ ಬಂಟ್ವಾಳದವರೆಗೆ. ಹೆಸರು ಬಂದದ್ದು ವಕೀಲಿಕೆಯಿಂದಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಪಾತ್ರವಾಗಿ ಅದಕ್ಕೆ ಅರ್ಥ ಹೇಳಿ, ಎದುರು ಕೂತವನ ಮಾತನ್ನು ಎಳೆ ಎಳೆಯಾಗಿ ಬಿಚ್ಚಿ ಗಾಳಿಗೆ ತೂರುವುದರಲ್ಲಿ ಅವರಿಗೆ ಸಮನಾದ ಅರ್ಥಧಾರಿ ಈ ಸೀಮೆಯಲ್ಲಿ ಇರಲಿಲ್ಲ. ಅವರೆದುರು ಮಾತು ನಿಂತು, ಮೈಕಿನ ಮುಂದೆ ಬಾಯಿ ತೆರೆದು ಕೂತು, ಮರುವರ್ಷದಿಂದ ಅರ್ಥ ಹೇಳುವುದನ್ನೇ ಬಿಟ್ಟವರಿದ್ದರು. ಅವರು ಯಾರನ್ನಾದರೂ ಮೆಚ್ಚಿದ್ದು ಮಾತ್ರ ಯಾರಿಗೂ ನೆನಪಿಲ್ಲ.

ಇಂಥವರ ಕಚೇರಿಗೆ ಅಶೋಕ್ ತಿಂಗಳ ಹಿಂದೆ ಒಂದು ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಬಂದಿದ್ದ. ಬಾಯಿಗೆ ಸಾಲಾಗಿ ಪಿನ್ ಹೊಡೆದ ಆ ಕವರಿನೊಳಗೆ ಇದ್ದದ್ದು ‘ಶುಕ್ರಲೋಕ ವಿಜಯ’ ಎಂಬ ಹೊಸ ಯಕ್ಷಗಾನ ಪ್ರಸಂಗ. ಬರೆದವನು ಮಡಂತ್ಯಾರಿನ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟ ನಿಝಾಮುದ್ದೀನ್. ಅವನು ಗಲ್ಫಿನ ದಮ್ಮಾಮಿನಲ್ಲಿ ದುಡಿಯುತ್ತಿದ್ದಾಗ ಕೂಲಿಗಳ ಕ್ಯಾಂಪಿನಲ್ಲಿ ಯಾರೋ ಬಿಟ್ಟುಹೋದ ಹಳೇ ಇಂಗ್ಲಿಷ್ ಕಾದಂಬರಿಗಳ ರಾಶಿ ಸಿಕ್ಕಿತಂತೆ. ರಟ್ಟಿನ ಮೇಲೆ ಒಂದು ರಾಕೆಟ್, ಒಂದು ದೈತ್ಯ ಹಲ್ಲಿ, ಅರೆಬಟ್ಟೆಯ ಒಬ್ಬಳು ಹೆಂಗಸು. ಒಳಗೆ ಬೇರೆ ಬೇರೆ ಗ್ರಹಗಳಿಗೆ ಹೋಗಿ ಬಿದ್ದ ಗಂಡಸರ ಸಾಹಸ. ಯಾವ ಗ್ರಹಕ್ಕೆ ಹೋದರೂ ಒಬ್ಬ ದುಷ್ಟ ಚಕ್ರವರ್ತಿ, ಅವನಿಗೊಬ್ಬಳು ಚಂದದ ಮಗಳು, ಕೊನೆಗೆ ಇವನಿಗೆ ರಾಜ್ಯವೂ ಮಗಳೂ. ಆ ಕಸವನ್ನೆಲ್ಲ ತಲೆಗೆ ತುಂಬಿಕೊಂಡು ಊರಿಗೆ ಬಂದವನು ಚಪ್ಪಲಿ ಮಾರುವುದರ ಮಧ್ಯೆ ಅದನ್ನು ಯಕ್ಷಗಾನದ ಪದ್ಯ ಮಾಡಿ ಕೂತಿದ್ದ. ಭೂಮಿಯಿಂದ ಧರಾಸೇನ ಎಂಬವನು ಶುಕ್ರಗ್ರಹಕ್ಕೆ ಹಾರುತ್ತಾನೆ. ಅಲ್ಲಿ ವರ್ಷವಿಡೀ ಮೋಡ, ಮಳೆ, ಕೆಸರು. ಆಳುವವನು ಮೇಘದಂಭ ಚಕ್ರವರ್ತಿ. ಮಗಳು ಮಂಜುಮುಖಿ.

“ಮಳೆ, ಕೆಸರು, ಜಿಗಣೆ. ಅಷ್ಟಕ್ಕೆ ಶುಕ್ರನಲ್ಲಿಗೆ ಯಾಕೆ, ಜುಲೈಯಲ್ಲಿ ಮುಂಡಾಜೆಗೆ ಹೋದ್ರೆ ಸಾಕಲ್ಲ” ಎಂದು ವಕೀಲರು ಅಶೋಕ್ ಹೇಳಿದ ಕಥೆ ಕೇಳಿಯೇ ಕವರನ್ನು ಬೆರಳ ತುದಿಯಲ್ಲಿ ದೂಡಿದ್ದರು. “ಅವನಿಗೆ ಚಪ್ಪಲಿಯ ಅಳತೆ ಗೊತ್ತಿರಬಹುದು. ಪದ್ಯದ ಮಾತ್ರೆಯ ಅಳತೆ ಗೊತ್ತುಂಟಾ?”

“ಒಮ್ಮೆ ಆಗ್ಲಿ ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಗೆದ್ದರೆ ವರ್ಷಾವಧಿ ಸಪ್ತಾಹದಲ್ಲಿ ಇಡುದು. ಇಲ್ಲದಿದ್ರೆ ಇನ್ನು ಪೆನ್ನೇ ಮುಟ್ಟುದಿಲ್ಲ ಅಂತ ಅವನೇ ಹೇಳಿದ್ದಾನೆ. ಧರಾಸೇನನ ಅರ್ಥ ಅವನೇ ಹೇಳ್ತಾನೆ. ಮೇಘದಂಭ ನೀವು.” ಅಶೋಕ್ ಎದ್ದು ನಿಂತು, ಬಾಗಿಲ ಹತ್ತಿರ ಹೋಗಿ ಮೆಲ್ಲಗೆ ಸೇರಿಸಿದ್ದ. “ನಿಮಗೆ ಆಗುದಿಲ್ಲ ಅಂದ್ರೆ ಮುಂಡಾಜೆಯ ಜಯೇಶ್ ಉಂಟು.”

ಜಯೇಶನ ಹೆಸರು ಕೇಳಿದ್ದೇ ತಡ, ವಕೀಲರು ಒಪ್ಪಿಬಿಟ್ಟರು. ನಿನ್ನೆ ಮೊನ್ನೆ ಮೀಸೆ ಬಂದ ಹುಡುಗ ತಮ್ಮ ಕುರ್ಚಿಯಲ್ಲಿ ಕೂರುವುದೆಂದರೆ! ಅದರ ಜೊತೆಗೆ ಇನ್ನೊಂದು ಆಲೋಚನೆಯೂ ಬಂದಿತ್ತು. ಈ ಪೀಡೆಯನ್ನು ಹೊರಗಿನಿಂದ ಬೈದು ಪ್ರಯೋಜನವಿಲ್ಲ, ಒಳಗೇ ಕೂತು ಕೊಲ್ಲಬೇಕು. ಕವಿಯೇ ಎದುರು ಕೂತು ಬೆವರಬೇಕು, ಊರು ನಗಬೇಕು, ರಾಕೆಟ್ಟು ಶುಕ್ರಗ್ರಹಗಳ ಹುಚ್ಚು ಅಲ್ಲಿಗೇ ಇಳಿಯಬೇಕು.

ಮನೆಯಲ್ಲಿ ಹೆಂಡತಿ ಪುಷ್ಪಾವತಿ ಕವರನ್ನು ಕಂಡು ಕೇಳಿದ್ದಳು. “ಒಮ್ಮೆ ಓದಿ ನೋಡ್ಲಿಕ್ಕೆ ಎಂತ ಕಷ್ಟ ನಿಮಗೆ?”

“ಅನ್ನ ಹಳಸಿದ್ದು ಅಂತ ಗೊತ್ತಾಗ್ಲಿಕ್ಕೆ ಪಾತ್ರೆ ಇಡೀ ತಿನ್ಬೇಕಾ? ಭಾಗವತರು ಪದ್ಯ ಹೇಳ್ತಾರೆ, ನಾನು ಅರ್ಥ ಹೇಳ್ತೇನೆ. ಇಂಥದ್ದಕ್ಕೆ ಅಷ್ಟು ಸಾಕು.”

ಕವರು ಅಡುಗೆಮನೆ ಸೇರಿ, ಹಪ್ಪಳದ ಡಬ್ಬಿಯ ಮೇಲೆ ಮುಚ್ಚಳವಾಯಿತು.

ಈಗ ಭಾನುವಾರದ ಮಧ್ಯಾಹ್ನ. ಊಟ ಮುಗಿಸಿ ಬಂದ ಜನರಿಂದ ಸಭಾಭವನ ತುಂಬಿತ್ತು. ಇಷ್ಟು ಜನ ಸೇರಿದ್ದು ಪ್ರಸಂಗಕ್ಕಲ್ಲ, ರಾಕೆಟ್ ನೋಡಲು ಎಂದು ವಕೀಲರು ಅಂದುಕೊಂಡರು. ಅಷ್ಟರಲ್ಲಿ ನಿಝಾಮುದ್ದೀನ್ ಬಂದ. ಬಿಳಿ ಪಂಚೆ, ಜರಿಯ ಶಾಲು, ಕೈಯಲ್ಲಿ ಎರಡು ಉಂಗುರ, ಅತ್ತರಿನ ಘಾಟು. ಪೇಟೆಯ ಗೋಡೆಗೆಲ್ಲ ರಾಕೆಟ್ಟಿನ ಜೊತೆ ತನ್ನ ಫೋಟೋ ಇರುವ ಪೋಸ್ಟರು ಅಂಟಿಸಿದ ಆಸಾಮಿ. ವಿನಯ ಗಿನಯ ಅವನ ಹತ್ತಿರ ಸುಳಿದದ್ದಿಲ್ಲ.

“ವಕೀಲರೇ, ಪ್ರಸಂಗ ಹೇಗುಂಟು?”

“ರಾಕೆಟ್ ಚಂದ ಉಂಟು” ಎಂದರು ಸಂಪತ್‌ಕುಮಾರರು.

ಅವನು ಖುಷಿಯಿಂದ ನಕ್ಕ. ಕುಟುಕಿದ್ದು ಗೊತ್ತಾಗದವರನ್ನು ಕುಟುಕಿ ಏನು ಸುಖ!

ಚನಿಯಪ್ಪ ಭಾಗವತರು ತಾಳ ಹಿಡಿದು ಮೊದಲಿನ ಪದ್ಯಗಳನ್ನು ಹಾಡಿದರು. ಧರಾಸೇನ ಹಾರಿದ, ಕೆಸರಿಗೆ ಬಿದ್ದ, ಹಲ್ಲಿಯ ಬೆನ್ನೇರಿದ, ಒಂದು ವಾರದಲ್ಲಿ ಶುಕ್ರಲೋಕದ ಭಾಷೆ ಕಲಿತ, ಮಂಜುಮುಖಿಯನ್ನು ಮಳೆಯಲ್ಲಿ ಕಂಡು ಮೋಹಗೊಂಡ. ಪದ್ಯಗಳೂ ಹಾಗೆಯೇ ಎಡವಿ ಬೀಳುವಂಥವು. ಒಂದು ಕಡೆ ಪ್ರಾಸಕ್ಕಾಗಿ ಹಲ್ಲಿಗೆ ರೆಕ್ಕೆ ಬಂದಿತ್ತು. ವಕೀಲರು ಕಣ್ಣು ಮುಚ್ಚಿ ಕೂತು ಒಂದೊಂದು ತಪ್ಪನ್ನೂ ಮನಸ್ಸಿನಲ್ಲಿಯೇ ಕಟ್ಟಿಟ್ಟುಕೊಂಡರು. ತಾವು ಅಂದುಕೊಂಡದ್ದಕ್ಕಿಂತಲೂ ಕಡೆಯಾಗಿದೆ ಎಂದು ತಿಳಿದು ಅವರಿಗೆ ಸಮಾಧಾನವಾಯಿತು.

ಸೆರೆಸಿಕ್ಕ ಧರಾಸೇನನನ್ನು ಚಕ್ರವರ್ತಿಯ ಎದುರು ತಂದು ನಿಲ್ಲಿಸಿದ ಪದ್ಯ ಮುಗಿಯಿತು. ಸಂಪತ್‌ಕುಮಾರರು ಶಾಲು ಸರಿಮಾಡಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

“ಎಲವೋ, ನೀನು ಮೇಲಿನಿಂದ ಬಂದವನೆಂದು ಕೇಳಿದೆ. ಹೌದೇ?”

“ಹೌದು ಪ್ರಭೂ. ಈ ಮೋಡದಾಚೆ ಆಕಾಶವಿದೆ. ಅಲ್ಲಿ ಸೂರ್ಯನಿದ್ದಾನೆ, ನಕ್ಷತ್ರಗಳಿವೆ. ನನ್ನ ಭೂಮಿಯಿದೆ” ಎಂದ ನಿಝಾಮುದ್ದೀನ್. ದನಿ ದೊಡ್ಡದು, ಮಾತು ಸಾಧಾರಣ.

“ಮೇಲಿನಿಂದ ಬಿದ್ದ ಮಾತ್ರಕ್ಕೆ ದೊಡ್ಡವನಾಗುವುದಿದ್ದರೆ ತೆಂಗಿನಕಾಯಿಯೂ ದೊಡ್ಡದೇ. ಬಿದ್ದದ್ದನ್ನು ನಾವು ಸುಲಿದು ತಿನ್ನುತ್ತೇವೆ, ಪೂಜೆ ಮಾಡುವುದಿಲ್ಲ.” ಸಭೆ ನಕ್ಕಿತು. “ಸೂರ್ಯ ಎಂದೆ. ಕಂಡ ಸಾಕ್ಷಿ ಯಾರು? ನೀನೇ. ಭೂಮಿ ಎಂದೆ. ಸಾಕ್ಷಿ? ಮತ್ತೆ ನೀನೇ. ವಾದಿಯೂ ನೀನು, ಸಾಕ್ಷಿಯೂ ನೀನು. ಇನ್ನು ತೀರ್ಪನ್ನೂ ನೀನೇ ಬರೆದುಕೊಂಡರೆ ಈ ಚಕ್ರವರ್ತಿಗೆ ಕೆಲಸವೇನು?”

ನಗು ಇನ್ನೂ ಹೆಚ್ಚಿತು. ಧರಾಸೇನ ಏನೋ ಹೇಳಿದ. ಚಕ್ರವರ್ತಿ ಅದನ್ನು ಮಧ್ಯದಲ್ಲೇ ಕತ್ತರಿಸಿದ. ಒಂದು ವಾರದಲ್ಲಿ ಭಾಷೆ ಕಲಿತವನಿಗೆ ಅದೇ ವಾರದಲ್ಲಿ ಮರ್ಯಾದೆ ಕಲಿಯಲು ಪುರುಸೊತ್ತಾಗಲಿಲ್ಲವೇ ಎಂದು ಕೇಳಿದ. ಹಲ್ಲಿಯ ರೆಕ್ಕೆಯನ್ನು ಹಿಡಿದೆಳೆದ. ಕೊನೆಗೆ ಮೈಕಿಗೆ ಇನ್ನಷ್ಟು ಬಾಗಿ, ಒಂದೊಂದೇ ಶಬ್ದವಾಗಿ ಹೇಳಿದ. “ಈ ಮೋಡದ ಮೇಲೆ ಏನೂ ಇಲ್ಲ. ಇದೆ ಎಂದು ನಿನ್ನ ಬಾಯಲ್ಲಿ ಹೇಳಿಸಿದವನೊಬ್ಬ ಇದ್ದಾನಲ್ಲ, ಯಾರೋ ಎಸೆದ ಎಂಜಲೆಲೆಯಿಂದ ಅಗುಳು ಹೆಕ್ಕಿ ನಿನಗೆ ಹುಟ್ಟು ಕೊಟ್ಟವನು, ಅವನಿಗೆ ನಾಚಿಕೆ ಇರಬೇಕಿತ್ತು.”

ಸಭೆ ಈಗ ನಗಲಿಲ್ಲ. ಮಾತು ಪಾತ್ರವನ್ನು ದಾಟಿ ಕವಿಗೇ ಬಿದ್ದದ್ದು ಎಲ್ಲರಿಗೂ ಗೊತ್ತಾಯಿತು. ನಿಝಾಮುದ್ದೀನ್ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಮುಖ ಕೆಂಪಾಗಿತ್ತು. ಒಮ್ಮೆ ಭಾಗವತರ ಕಡೆ ನೋಡಿದ, ಮತ್ತೆ ನೆಲ ನೋಡಿದ.

ಮಾತು ನಿಂತಿತು! ಸಂಪತ್‌ಕುಮಾರರಿಗೆ ಬೇಕಾಗಿದ್ದದ್ದು ಇದೇ. ಇನ್ನು ಕೈಕಟ್ಟಿ ಸುಮ್ಮನೆ ಕೂತರೆ ಸಾಕು, ಪ್ರಸಂಗ ತನ್ನಷ್ಟಕ್ಕೆ ಸಾಯುತ್ತದೆ. ಆದರೆ ಆ ಮೌನ ಉದ್ದವಾದಂತೆ ಅವರಿಗೆ ಒಳಗೊಳಗೇ ಕೋಪ ಬಂತು. ಇಷ್ಟೇನಾ? ಸತ್ತ ಹಾವನ್ನು ಹೊಡೆದೆ ಅಂತ ಎಲ್ಲಿ ಹೇಳಿಕೊಳ್ಳುವುದು? ತಾನು ಹೂಡಿದ ವಾದಕ್ಕೆ ಉತ್ತರ ಇಲ್ಲವೆಂದಲ್ಲ, ಉಂಟು. ಇವನಿಗೆ ಕಾಣಲಿಲ್ಲ ಅಷ್ಟೇ. ಆ ಉತ್ತರ ಹೊಳೆಯುವ ತಲೆ ಈ ಸಭಾಭವನದಲ್ಲಿ ಒಂದೇ ಇದೆ, ಅದು ತನ್ನದು ಎಂಬುದು ಸಭೆಗೆ ಗೊತ್ತಾಗದೆ ಹೋದರೆ ಗೆದ್ದು ಏನು ಫಲ?

“ಮಾತು ಬತ್ತಿತೇ ಧರಾಸೇನಾ? ಪಾಪ. ನಿನ್ನ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ, ಕೇಳಿಸಿಕೋ.” ಅವರು ಕುರ್ಚಿಯಲ್ಲಿ ಪಕ್ಕಕ್ಕೆ ಸರಿದು, ಚಕ್ರವರ್ತಿ ಅಲ್ಲಿದ್ದಾನೆ ಎಂಬಂತೆ ಖಾಲಿಯಾದ ತಮ್ಮದೇ ಜಾಗಕ್ಕೆ ಬೆರಳು ತೋರಿಸಿದರು. “ಚಕ್ರವರ್ತಿಯೇ, ಮೋಡದ ಮೇಲೆ ಏನೂ ಇಲ್ಲ ಎಂದೆಯಲ್ಲ, ನೋಡಿ ಹೇಳಿದೆಯೋ, ನೋಡದೆ ಹೇಳಿದೆಯೋ? ಸಾಕ್ಷಿ ಕೇಳಿದವನು ನೀನು. ಇಲ್ಲ ಎಂಬುದಕ್ಕೆ ನಿನ್ನ ಸಾಕ್ಷಿ ಯಾರು? ಮೋಡದ ಅಡಿಯಲ್ಲಿ ಹುಟ್ಟಿದೆ, ಮೋಡದ ಅಡಿಯಲ್ಲಿ ಮುದುಕನಾದೆ. ಅದನ್ನೇ ಆಕಾಶ ಎಂದುಕೊಂಡೆ. ಒಂದು ದಿನವಾದರೂ ತಲೆ ಎತ್ತಿ ನೋಡಿದ್ದಿದ್ದರೆ ನಿನ್ನ ನಗುವಿಗೆ ಬೆಲೆ ಇತ್ತು.”

ಸಭೆಯಲ್ಲಿ ಹೌದು ಹೌದು ಎಂಬ ಸದ್ದಾಯಿತು. ಸರಿ, ಇನ್ನು ಪುನಃ ಚಕ್ರವರ್ತಿಯಾಗಿ ಇದನ್ನೂ ಮುರಿದು ಹಾಕುವುದು ಎಂದು ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಚನಿಯಪ್ಪ ಭಾಗವತರ ತಾಳ ಬಿತ್ತು. ಪ್ರಸಂಗದ ಮುಂದಿನ ಪದ್ಯ.

ಮುಗಿಲ ಮರೆಯಲಿ ಹುಟ್ಟಿ ಮುಗಿಲ ಮರೆಯಲಿ ಬೆಳೆದು
ಮುಗಿಲನೇ ಬಾನೆಂದು ತಿಳಿದೆ ದೊರೆಯೆ
ನಗುವೆ ಮೇಲಿಲ್ಲೆಂದು, ಒಂದು ಸಲವಾದರೂ
ಮೊಗವೆತ್ತಿ ನೋಡಿದವನಲ್ಲ ದೊರೆಯೆ

ಮೊದಲ ಸಾಲಿಗೇ ಸಂಪತ್‌ಕುಮಾರರ ಕಿವಿ ನೆಟ್ಟಗಾಯಿತು. ನಾಲ್ಕನೆಯ ಸಾಲಿಗೆ ಬರುವಾಗ ಅವರ ಹೆಬ್ಬೆರಳು ತನ್ನಷ್ಟಕ್ಕೆ ಉಳಿದ ಬೆರಳುಗಳ ಮೇಲೆ ಓಡಾಡುತ್ತಿತ್ತು. ಮಾತ್ರೆ ಎಣಿಸಿದರು. ಸರಿಯಿತ್ತು. ಪ್ರಾಸ ನೋಡಿದರು. ನಾಲ್ಕೂ ಸಾಲಿನಲ್ಲಿ ಕೂತಿತ್ತು. ಭಾಗವತರು ಎರಡನೆಯ ಸಲ ಎತ್ತಿಕೊಂಡು ಹಾಡಿದಾಗ ಇನ್ನೊಮ್ಮೆ ಎಣಿಸಿದರು. ಆಗ ಅವರಿಗೆ ಅರ್ಥವಾಯಿತು. ನಿಝಾಮುದ್ದೀನನ ಮಾತು ಬತ್ತಿರಲಿಲ್ಲ. ಧರಾಸೇನ ಇಲ್ಲಿ ಸುಮ್ಮನಿರಬೇಕು, ಉತ್ತರ ಪದ್ಯದಲ್ಲಿಯೇ ಬರಬೇಕು ಎಂದು ಅವನು ಬರೆದಿದ್ದ. ಬೈಗಳು ತಿಂದರೂ ತನ್ನ ಪದ್ಯಕ್ಕೆ ಕಾದು ಕೂತಿದ್ದ. ಮಧ್ಯೆ ಬಾಯಿ ಹಾಕಿದ್ದು ತಾವು.

ನಿಝಾಮುದ್ದೀನ್ ಮೈಕಿನತ್ತ ಬಾಗಿದ. “ಇದಕ್ಕೆ ಇನ್ನು ನಾನು ಅರ್ಥ ಹೇಳುವ ಅಗತ್ಯವಿಲ್ಲ. ನನ್ನ ಪದ್ಯಕ್ಕೆ ಚಕ್ರವರ್ತಿಗಳೇ ಅರ್ಥ ಹೇಳಿಯಾಗಿದೆ. ಬಾಕಿ ಇರುವುದು ಅವರ ಉತ್ತರ ಮಾತ್ರ.” ಕೈ ಮುಗಿದು ಹಿಂದಕ್ಕೆ ಒರಗಿದ.

ಸಂಪತ್‌ಕುಮಾರರು ಬಾಯಿ ತೆರೆದರು. ಎಷ್ಟೋ ಉತ್ತರಗಳು ಇರಬಹುದಿತ್ತು. ನೆಗಡಿ ಬಂದವರ ಹಾಗೆ ಬಾಯಿಯಲ್ಲೇ ಉಸಿರಾಡಿದರು. ಮೈಕಿನಲ್ಲಿ ಆ ಉಸಿರು ಮಾತ್ರ ಕೇಳಿಸಿತು. ಮೂರನೆಯ ಸಾಲಿನಲ್ಲಿ ಕೂತಿದ್ದ ಪುಷ್ಪಾವತಿ ಅವರನ್ನೇ ನೋಡುತ್ತಿದ್ದಳು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಇಡೀ ಸಭಾಭವನ ತಟ್ಟಿತು. ಗರ್ವಿಷ್ಠನಾದ ಚಕ್ರವರ್ತಿ ಮಾತು ಸೋತು ಕೂರುವುದನ್ನು ಇಷ್ಟು ಚಂದ ಮಾಡಿ ತೋರಿಸಿದವರನ್ನು ಆ ಜನ ಈವರೆಗೆ ಕಂಡಿರಲಿಲ್ಲ.

ಮುಗಿದ ಮೇಲೆ ವೇದಿಕೆಯ ಹಿಂದೆ ಚಹಾ ಕುಡಿಯುತ್ತಿದ್ದಾಗ ಅಶೋಕ್ ಓಡಿ ಬಂದ. “ಸಪ್ತಾಹಕ್ಕೆ ಇದೇ ವಕೀಲ್ರೇ, ಎಲ್ಲರೂ ಒಪ್ಪಿದ್ರು. ಮೇಘದಂಭ ನೀವೇ. ಬೇರೆಯವರು ಹೇಳಿದ್ರೆ ಜನ ಬಿಡ್ಲಿಕ್ಕಿಲ್ಲ.” ಅವನ ಹಿಂದೆ ನಿಝಾಮುದ್ದೀನ್ ಇದ್ದ. ಅವನು ಸಂಪತ್‌ಕುಮಾರರ ಎರಡೂ ಕೈ ಹಿಡಿದುಕೊಂಡ. ಉಂಗುರಗಳು ಒತ್ತಿದವು.

“ದಮ್ಮಾಮಿನಲ್ಲಿ ನಾನು ಮೊದಲು ಬರೆದದ್ದು ಅದೊಂದೇ ಪದ್ಯ. ಬಾಕಿ ಹಲ್ಲಿ ಗಿಲ್ಲಿ ಎಲ್ಲ ಆಮೇಲೆ ಅಂಟಿಸಿದ್ದು. ಅದನ್ನು ಯಾರೂ ಹಿಡಿಲಿಕ್ಕಿಲ್ಲ ಅಂತ ಗ್ರಹಿಸಿದ್ದೆ ವಕೀಲರೇ. ನೀವು ಬೈದಾಗ ನನಗೆ ಬೇಜಾರಾದದ್ದು ಹೌದು. ಮತ್ತೆ ಗೊತ್ತಾಯ್ತು, ಆ ಪದ್ಯ ಹರಿದು ಬರ್ಲಿಕ್ಕೆ ಇಳಿಜಾರು ಮಾಡ್ತಿದ್ದೀರಿ ಅಂತ. ಎಷ್ಟು ಸಲ ಓದಿದ್ರಿ?”

ಪಕ್ಕದಲ್ಲಿ ಪುಷ್ಪಾವತಿ ಚಹಾದ ಲೋಟ ಹಿಡಿದು ನಿಂತಿದ್ದಳು.

“ಎರಡು ಮೂರು ಸಲ” ಎಂದರು ಸಂಪತ್‌ಕುಮಾರರು.

ಕಾರಿನಲ್ಲಿ ವೇಣೂರು ದಾಟುವಾಗ ಅವರೇ ಶುರು ಮಾಡಿದರು. “ಏನೇ ಹೇಳು, ಪ್ರಸಂಗ ಕಸವೇ. ರೆಕ್ಕೆ ಇರುವ ಹಲ್ಲಿಯಂತೆ!” ಅವರು ಇಷ್ಟು ವರ್ಷ ಎದುರಿನ ಅರ್ಥಧಾರಿಗಳನ್ನು ನೋಡುತ್ತಿದ್ದ ರೀತಿಯಲ್ಲಿಯೇ ಅವಳು ಒಮ್ಮೆ ಅವರನ್ನು ನೋಡಿ, ಕಿಟಕಿಯ ಕಡೆ ತಿರುಗಿ ಕೂತಳು.

ಮನೆಗೆ ಬಂದು ಅವರು ಕೈಕಾಲು ತೊಳೆದು ಹೊರಗೆ ಬರುವಾಗ ಚಾವಡಿಯ ಮೇಜಿನ ಮೇಲೆ ಆ ಪ್ಲಾಸ್ಟಿಕ್ ಕವರು ಇತ್ತು. ಅದರ ಮೇಲೆ ಡಬ್ಬಿಯ ಬಾಯಿಯಷ್ಟು ಅಗಲಕ್ಕೆ ಎಣ್ಣೆಯ ಉಂಗುರ ಬಿದ್ದಿತ್ತು. ಒಳಗೆ ಪುಷ್ಪಾವತಿ ರಾತ್ರಿಯ ಅಡುಗೆಗೆ ಕಾಯಿ ತುರಿಯುತ್ತಿದ್ದಳು.

ಸಂಪತ್‌ಕುಮಾರರು ಕೂತು ಕವರನ್ನು ಎಳೆದುಕೊಂಡರು. ಪಿನ್ನುಗಳು ಹೊಡೆದ ಹಾಗೆಯೇ ಇದ್ದವು. ಮೊದಲನೆಯದಕ್ಕೆ ಉಗುರು ಹಾಕಿದರು. ಅದು ಬಿಗಿಯಾಗಿತ್ತು, ಉಗುರಿನ ತುದಿ ಸೀಳಿತು. ಕತ್ತರಿ ಎಲ್ಲಿ ಉಂಟು ಎಂದು ಅಡುಗೆಮನೆಯ ಕಡೆ ತಿರುಗಿ ಕೇಳಬೇಕಿತ್ತು. ಕೇಳಲಿಕ್ಕೆ ಅವರಿಗೆ ಬಾಯಿ ಬರಲಿಲ್ಲ.