ಹಲ್ಲಿಲ್ಲದ ಒಡಪು

ಕೀಳಿಸಿದ್ದು ಒಂದೇ ಹಲ್ಲು. ಆದರೆ ಅದು ಬಾಯಿಯ ಮುಂಬಾಗಿಲಲ್ಲೇ ಇತ್ತಲ್ಲ, ಅದೇ ನನ್ನ ಕರ್ಮ. ದೀಪಾವಳಿಯ ಹೊತ್ತಿಗೆ ಕಬ್ಬು ಸಿಗಿಯಲು ಹೋಗಿ ಅಲುಗಾಡಿಸಿಕೊಂಡೆ. ಕೀವು ತುಂಬಿ ಮುಖ ಬಾತಿತು. ಕೊನೆಗೆ ಹುಬ್ಬಳ್ಳಿಗೆ ಹೋಗಿ ಹಲ್ಲಿನ ಡಾಕ್ಟರರ ಮುಂದೆ ಬಾಯಿ ತೆರೆಯಬೇಕಾಯಿತು.

"ನಾಕ ದಿನ ಖಾರ ಬ್ಯಾಡ್ರಿ ಸಾವಕ್ಕಾ. ನಾಳಿಂದ ಉಪ್ಪುನೀರು ಮುಕ್ಕಳಿಸ್ರಿ. ಒಸಡು ಮಾಯ್ದು ಗಟ್ಟಿ ಆಗಲಿ. ಸಂಕ್ರಾಂತಿ ಆದಮ್ಯಾಲ ಬರ್ರಿ, ಅಳತಿ ತಗೊಂಡು ಹೊಸಾ ಹಲ್ಲು ಮಾಡಿಕೊಡ್ತೇನಿ" ಅಂದರು ಅವರು.

ಬಸ್ಸು ರಾಯಾಪುರ ದಾಟುವಷ್ಟರಲ್ಲಿ ಸೂಜಿಮದ್ದಿನ ಜೋಮು ಇಳಿದು ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ನಮ್ಮ ಯಜಮಾನರು, "ಇನ್ನ ಸಂಕ್ರಾಂತಿ ಮಟಾ ಮನ್ಯಾಗ ಶಾಂತಿ" ಅಂದರು. ಬಾಯಲ್ಲಿ ಹತ್ತಿ ಇತ್ತು, ಬದುಕಿಕೊಂಡರು.

ಅದೇ ವಾರ ನಮ್ಮ ಮಗಳು ಕಸ್ತೂರಿಯನ್ನು ನೋಡಲು ಹೆಬ್ಬಳ್ಳಿಯವರು ಬಂದರು. ಹುಡುಗ ಸಾಲಿ ಮಾಸ್ತರ. ಅವನು ತಲೆ ತಗ್ಗಿಸಿ ಅವಲಕ್ಕಿ ತಿನ್ನುವುದನ್ನು ಕಸ್ತೂರಿ ಬಾಗಿಲ ಸಂದಿಯಿಂದ ನೋಡಿ ನಕ್ಕಿದ್ದು ನನಗೆ ಕಂಡಿತು. ಹುಡುಗಿ ಒಪ್ಪಿದಳು ಅಂತ ನನ್ನ ಜೀವ ತಂಪಾಯಿತು.

ಅಷ್ಟರಲ್ಲಿ ಹುಡುಗನ ತಾಯಿ ಸಂಗವ್ವ ನನ್ನ ಕಡೆ ತಿರುಗಿದರು. "ನಿಮ್ಮ ಒಡಪಿನ ಸುದ್ದಿ ಹೆಬ್ಬಳ್ಳಿ ಮಟಾ ಬಂದೈತ್ರಿ. ಒಂದ ಹೇಳ್ರಲ್ಲಾ."

ಗಂಡನ ಹೆಸರನ್ನು ನಾವು ಸುಮ್ಮನೆ ಹೇಳುವುದಿಲ್ಲ, ಒಡಪಿನಲ್ಲಿ ಹೆಣೆದು ಹೇಳುತ್ತೇವೆ. ನಮ್ಮ ಕೆಲಗೇರಿ ಓಣಿಯಲ್ಲಿ ಒಡಪು ಅಂದರೆ ನಾನೇ. ಆದರೆ ಈ ಬೊಚ್ಚುಬಾಯಲ್ಲಿ, ಅದೂ ಹೊಸ ಬೀಗರ ಮುಂದೆ? ಸೆರಗನ್ನು ಮೂಗಿನ ತನಕ ಎಳೆದುಕೊಂಡು ತಲೆ ಅಲ್ಲಾಡಿಸಿದೆ. ಮತ್ತೆ ಕೇಳಿದರು, ಮತ್ತೆ ಒಲ್ಲೆ ಅಂದೆ. ಸಂಗವ್ವ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಹೊಸ ಹಲ್ಲು ಬರಲಿ, ಆಮೇಲೆ ಜೋರಾಗಿ ಹೇಳಿದರಾಯಿತು ಅಂತ ನನ್ನ ಲೆಕ್ಕ. ಅದಕ್ಕೇ "ಸಂಕ್ರಾಂತಿ ಮುಗೀಲಿ, ಆಮ್ಯಾಲ ಮುಂದಿನ ಮಾತು" ಅಂತ ಹೇಳಿ ಕಳಿಸಿದೆ. ಎಂಥ ಶಾಣ್ಯಾಕಿ ನಾನು! ಹೆಬ್ಬಳ್ಳಿಯಿಂದ ಉತ್ತರ ಬಂತು: ಹುಡುಗಿಯ ತಾಯಿ ಒಡಪು ಒಲ್ಲೆ ಅಂದಮೇಲೆ ಅವರಿಗೆ ಮನಸ್ಸಿಲ್ಲ ಅಂತಾಯಿತು, ನಾವು ಬೇರೆ ಕಡೆ ನೋಡುತ್ತೇವೆ.

ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಅವ್ವಾ, ನಿನ್ನ ಹಲ್ಲು ಇವತ್ತಲ್ಲ ನಾಳೆ ಬರ್ತೈತಿ. ಅವರು ಬರಂಗಿಲ್ಲ" ಅಂದಳು. ಕೂಗಾಡಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ಮೆಲ್ಲಗೆ ಹೇಳಿದಳು.

ಮರುದಿನ ಬೆಳಿಗ್ಗೆಯೇ ಹೆಬ್ಬಳ್ಳಿಗೆ ಹೊರಟೆ. ಸಂಗವ್ವ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. "ಬರ್ರಿ" ಅಂದರು, ಮೊರದಿಂದ ಕಣ್ಣೆತ್ತಲಿಲ್ಲ. ಕೂಡ್ರಿ ಅನ್ನಲಿಲ್ಲ. ನಾನು ನಿಂತಲ್ಲೇ ಸೆರಗು ಕೆಳಗೆ ಬಿಟ್ಟೆ.

"ಸಂಪಿಗಿ ಸರ ಮಾಡಿ ಸೋಮೇಶಗ ಏರಿಸೇನಿ,
ಸಾವಿರ ಮಂದ್ಯಾಗ ಮಹಾದೇವಪ್ಪನವರ ಹೆಸರ ಹೇಳೇನಿ!"

ಒಂದೊಂದು 'ಸ'ಕಾರಕ್ಕೂ ಆ ಸಂದಿಯಿಂದ ಸಿಳ್ಳೆ ಹೊರಟಿತು. ದನ ಹೊಡೆದುಕೊಂಡು ಹೋಗುತ್ತಿದ್ದವನು ತಿರುಗಿ ನೋಡಿದ. ಸಂಗವ್ವ ನನ್ನ ಬಾಯನ್ನು ನೋಡಿದರು, ಮತ್ತೊಮ್ಮೆ ನೋಡಿದರು. ಮೊರ ಕೈಜಾರಿ ಜೋಳವೆಲ್ಲ ಅಂಗಳದ ಪಾಲಾಯಿತು.

"ಅಯ್ಯ ನನ್ನವ್ವಾ! ಇಷ್ಟಕ್ಕ ಬಾಯಿ ಮುಚ್ಚಿಕೊಂಡಿದ್ರ್ಯಾ? ನಾ ನಿಮಗ ಸೊಕ್ಕು ಅಂತ ತಿಳದಿದ್ದೆ!"

"ಸೊಕ್ಕ ಐತ್ರಿ. ಹಲ್ಲು ಅಷ್ಟ ಇಲ್ಲ" ಅಂದೆ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಲ್ಲು ಹೋದಮೇಲೆ ನಾನು ಬಾಯಿ ತೆರೆದು ನಕ್ಕಿದ್ದು ಅವತ್ತೇ. ಜೋಳ ಬಳಿಯುತ್ತ ಬಳಿಯುತ್ತಲೇ ಲಗ್ನದ ಮಾತು ಮುಗಿಸಿದೆವು.

ಸಂಕ್ರಾಂತಿ ಆದಮೇಲೆ ಡಾಕ್ಟರು ಬಾಯಿಗೆ ಮೇಣದಂಥದ್ದು ಒತ್ತಿ ಅಳತೆ ತೆಗೆದರು. ಉಳಿದ ಹಲ್ಲುಗಳ ಪಕ್ಕ ಹಿಡಿದು ಬಣ್ಣ ಆರಿಸಿದರು. ವಾರದ ಮೇಲೆ ಹೊಸ ಹಲ್ಲು ಕೂಡಿಸಿ, ಇದು ತೆಗೆದು ಹಾಕುವ ಹಲ್ಲು, ದಿನಾ ತೊಳೆಯಬೇಕು, ಕಬ್ಬಿನ ಸುದ್ದಿಗೆ ಹೋಗಬಾರದು ಅಂದರು. ಮನೆಗೆ ಬಂದು ಕನ್ನಡಿಯಲ್ಲಿ ನೋಡಿಕೊಂಡು ಎಷ್ಟು ಖುಷಿಯಾಯಿತು ಅಂದರೆ, ಸಿಕ್ಕಸಿಕ್ಕವರಿಗೆಲ್ಲ ಹಲ್ಲು ಕಿರಿದೆ.

ಮದುವೆಯ ದಿನ ಅಕ್ಷತೆ ಬಿದ್ದಮೇಲೆ ಸಂಗವ್ವ ಮತ್ತೆ ಕೇಳಿದರು. ಅದೇ ಒಡಪು ಹೇಳಿದೆ, ಸ್ವಚ್ಛವಾಗಿ, ಎಲ್ಲಿಯೂ ಗಾಳಿ ಸೋರದಂತೆ. ಅವರ ಮುಖ ಸಪ್ಪಗಾಯಿತು.

"ಇದಲ್ರಿ! ನಮ್ಮೂರ ಮಂದೀಗೆ ಆ ಸಿಳ್ಳಿ ಕೇಳಸ್ತೇನಿ ಅಂತ ಹೇಳಿ ಕರಕೊಂಡ ಬಂದೇನಿ."

"ಬ್ಯಾಡ ಮಾರಾಯ್ತಿ, ಮಾನಾ ಕಳೀಬ್ಯಾಡ" ಅಂತ ನಮ್ಮ ಯಜಮಾನರು ಹಿಂದಿನಿಂದ ಪಿಸುಗುಟ್ಟಿದರು.

ನಾನು ಮಗಳ ಕಡೆ ನೋಡಿದೆ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ಕೂತಿದ್ದಳು. ಗೋಡೆಯ ಕಡೆ ತಿರುಗಿ, ಹಲ್ಲು ತೆಗೆದು ಸೆರಗಿನ ತುದಿಗೆ ಗಂಟು ಹಾಕಿ, ಎದೆತುಂಬ ಉಸಿರು ತೆಗೆದುಕೊಂಡು ಶುರು ಮಾಡಿದೆ.

"ಸಂಪಿಗಿ ಸರ ಮಾಡಿ..."

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಕಸ್ತೂರಿ.