ಹೆಸರು ಹಾಕಿಸಿದ ಡಬ್ಬಿ

ಪೂವರಸನಿಗೆ ಪ್ರಯಾಣವೆಂದರೆ ಊರುಗಳಲ್ಲ, ಬೇರೆಯವರ ಮೈ. ಹಿಂದಿನ ಸೀಟಿನಿಂದ ತನ್ನ ಮೊಣಕೈ ಪಕ್ಕಕ್ಕೆ ತೂರಿಬರುವ ಯಾರದೋ ಕಾಲ್ಬೆರಳು. ಭದ್ರತಾ ತಪಾಸಣೆಯ ತಟ್ಟೆಯಲ್ಲಿ ಮುಂದಿನವನ ಬೆಲ್ಟು ಬಿಟ್ಟುಹೋದ ಬೆವರಿನ ಪಸೆ. ಹೆದ್ದಾರಿ ಹೋಟೆಲಿನಲ್ಲಿ ಕೈ ತೊಳೆಯುವ ತೊಟ್ಟಿಯ ತಳಕ್ಕೆ ಅಂಟಿಕೊಂಡು ಉಬ್ಬಿದ ಅನ್ನದ ಅಗುಳು. ಬಂದರಿನ ಕ್ರೇನುಗಳನ್ನು ಪರೀಕ್ಷಿಸಿ ಸಹಿ ಹಾಕುವುದು ಅವನ ಕೆಲಸ. ತಿಂಗಳಿಗೊಮ್ಮೆ ಸಿಂಗಪುರ, ನಡುನಡುವೆ ಕೊಲಂಬೊ. ಹನ್ನೊಂದು ವರ್ಷ ಹೀಗೆ ಓಡಾಡಿ ಅವನು ಕಲಿತದ್ದು ಎರಡೇ ಪಾಠ. ಒಂದು ಕೈಚೀಲ ಬಿಟ್ಟು ಬೇರೇನೂ ಒಯ್ಯಬಾರದು. ಏನನ್ನು ಮುಟ್ಟಿದರೂ ಜೇಬಿನ ಸ್ಯಾನಿಟೈಸರ್ ತೆಗೆದು ಕೈಗೆ ಹಚ್ಚಿಕೊಳ್ಳಬೇಕು.

ಮೊದಲ ಪಾಠವನ್ನು ಅವನ ಊರು ಪೇರಾವೂರಣಿ ಒಪ್ಪುತ್ತಿರಲಿಲ್ಲ. ಆ ಊರಲ್ಲಿ ವಿಮಾನ ಹತ್ತುವವನ ಚೀಲ ಅವನದಲ್ಲ, ಬೀದಿಯದು. ಹೊರಡುವ ಹಿಂದಿನ ಸಂಜೆ ಒಬ್ಬೊಬ್ಬರೇ ಬರುತ್ತಾರೆ. ಮಗನಿಗೆ ಉಪ್ಪಿನಕಾಯಿ, ಅಳಿಯನಿಗೆ ಚಟ್ನಿಪುಡಿ, ಬಾಣಂತಿ ಸೊಸೆಗೆ ಲೇಹ್ಯ. ಬೇಡ ಅಂದವನ ಮನೆಯ ಮದುವೆಗೆ ಯಾರೂ ಹೋಗುವುದಿಲ್ಲ. ಪೂವರಸನ್ ಬೇಡ ಅನ್ನುತ್ತಿರಲಿಲ್ಲ. ಎಲ್ಲವನ್ನೂ ಒಂದು ನೀಲಿ ಚೀಲಕ್ಕೆ ತುಂಬಿಕೊಂಡು ವಿಮಾನ ನಿಲ್ದಾಣದವರೆಗೂ ಒಯ್ಯುತ್ತಿದ್ದ. ಕಾರು ಕಣ್ಮರೆಯಾದ ಮೇಲೆ ಒಳಹೋಗುವ ಬಾಗಿಲಿನ ಪಕ್ಕದ ದಪ್ಪ ಕಂಬದ ಹಿಂದೆ ಇದ್ದ ಹಸಿರು ಕಸದ ಡ್ರಮ್ಮಿನೊಳಗೆ, ಬಟ್ಟೆಯ ಗಂಟುಗಳನ್ನು ಬಿಚ್ಚಿ ನೋಡದೆಯೇ ಒಂದೊಂದಾಗಿ ಇಳಿಬಿಡುತ್ತಿದ್ದ. ನೀಲಿ ಚೀಲವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಒಳಗೆ ನಡೆಯುತ್ತಿದ್ದ. ಕೇಳಿದವರಿಗೆ, "ಕಸ್ಟಮ್ಸ್‌ನವರು ಕಿತ್ಕೊಂಡ್ರು" ಎಂಬ ಉತ್ತರ ಸಿದ್ಧವಿತ್ತು. ಊರೆಲ್ಲ ಸೇರಿ ಕಸ್ಟಮ್ಸ್‌ನವರಿಗೆ ಶಾಪ ಹಾಕುತ್ತಿತ್ತು.

ಆದರೆ ಈ ಸಲ ಬೆಳಿಗ್ಗೆ ಏಳಕ್ಕೆ ಅವನು ಕಾರಿನ ಬಾಗಿಲು ತೆಗೆದರೆ ಒಳಗೆ ಅಂಜಲೈ ಅತ್ತೆ ಕೂತಿದ್ದಳು.

ಅವನ ಅಪ್ಪನಿಗೆ ದೂರದ ತಂಗಿ, ಹಿಂದಿನ ಬೀದಿಯವಳು. ಹೊಸ ಸೀರೆ, ಮೂಗಿಗೆ ಒತ್ತಿಕೊಂಡ ನಿಂಬೆಹಣ್ಣು, ತೊಡೆಯ ಮೇಲೆ ಹಳದಿ ಬಟ್ಟೆಯ ದೊಡ್ಡ ಗಂಟು.

"ಅತ್ತೆ, ನೀನೆಲ್ಲಿಗೆ?"

"ನಿನ್ನ ಜೊತೆಗೇ ರಾಜಾ. ಏರ್‌ಪೋರ್ಟ್‌ವರೆಗೂ. ಇದು ಒಳಗೆ ಹೋಗೋದನ್ನ ಕಣ್ಣಾರೆ ನೋಡಿ, ಅದೇ ಕಾರಲ್ಲಿ ವಾಪಸ್ ಬರ್ತೀನಿ."

ಡ್ರೈವರ್ ಪಿಚ್ಚೈ ಕನ್ನಡಿಯಲ್ಲೇ ಹಲ್ಲುಕಿರಿದ. "ನಾನೇ ಹೂಂ ಅಂದೆ ಸಾರ್. ವಾಪಸ್ ಬರುವಾಗ ಕಾರು ಖಾಲೀನೇ ತಾನೆ?"

ಪೂವರಸನ್ ಕಿಟಕಿಗೆ ಅಂಟಿಕೊಂಡು ಕೂತ. ಗಂಟಿನಿಂದ ಒಣಮೀನಿನ ತೊಕ್ಕಿನ ವಾಸನೆ ಹೊರಟಿತು. ತಟ್ಟೆಯಲ್ಲಿ ಬಡಿಸಿದಾಗ ಅವನೂ ಬೆರಳು ನೆಕ್ಕಿ ತಿನ್ನುವ ತೊಕ್ಕೇ ಅದು. ಮುಚ್ಚಿದ ಕಾರಿನಲ್ಲಿ, ಏಸಿಯ ಗಾಳಿಯಲ್ಲಿ, ಅದು ಸತ್ತ ಸಮುದ್ರವೊಂದನ್ನು ಯಾರೋ ಬಟ್ಟೆಯಲ್ಲಿ ಕಟ್ಟಿ ತಂದಂತಿತ್ತು.

ಪಟ್ಟುಕ್ಕೋಟ್ಟೈ ದಾಟುವ ಹೊತ್ತಿಗೆ ಅಂಜಲೈ ಮೊದಲ ಸಲ ವಾಂತಿ ಮಾಡಿಕೊಂಡಳು. ಪಾಪ, ಸದ್ದಿಲ್ಲದೆ, ಸಿದ್ಧವಾಗಿಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿನೊಳಗೆ. ಬಾಯಿ ಒರೆಸಿಕೊಂಡು ಕವರಿನ ಕುತ್ತಿಗೆಗೆ ಗಂಟು ಹಾಕಿ ಕಾಲ ಬುಡದಲ್ಲಿಟ್ಟಳು. ಕಾರು ತಿರುಗಿದಾಗಲೆಲ್ಲ ಆ ಕವರು ಬೆಚ್ಚಗೆ ವಾಲಿ ಅವನ ಬೂಟಿಗೆ ತಾಗುತ್ತಿತ್ತು. ಅವನು ಎರಡೂ ಕಾಲನ್ನು ಬಾಗಿಲಿಗೆ ಒತ್ತಿಕೊಂಡ.

"ಎಸೆಯತ್ತೆ ಅದನ್ನ!"

"ರಸ್ತೇಲಿ ಎಸೀತಾರೇನೋ? ನಾಲ್ಕು ಜನ ಓಡಾಡೋ ಜಾಗ."

ಒರತ್ತನಾಡಿನಲ್ಲಿ ಚಹಾಕ್ಕೆ ನಿಲ್ಲಿಸಿದರು. ಪೂವರಸನ್ ಹೋಟೆಲಿನ ಹಿಂದಿನ ಶೌಚಾಲಯಕ್ಕೆ ಹೋಗಿ, ಬಾಗಿಲು ತಳ್ಳಿ, ಒಳಗಿನದನ್ನು ನೋಡಿ, ಉಸಿರು ಬಿಗಿಹಿಡಿದು ಹಾಗೇ ಹಿಂದಕ್ಕೆ ಬಂದ. ಮೂತ್ರಕೋಶ ಒಡೆದರೂ ಚಿಂತೆಯಿಲ್ಲ, ವಿಮಾನದಲ್ಲೇ ಆಗಲಿ. ಚಹಾದ ಲೋಟದ ಅಂಚಿನಲ್ಲಿ ಯಾರದೋ ತುಟಿಯ ಕೆಂಪು ಎಲೆಅಡಿಕೆ ಗುರುತಿತ್ತು. ಅದನ್ನೂ ಕುಡಿಯಲಿಲ್ಲ. ಅಂಜಲೈ ತನ್ನದನ್ನು ಕುಡಿದು ಅವನದನ್ನೂ ಕುಡಿದಳು.

"ನಿಮ್ಮ ಅತ್ತೆಗೆ ಹೊಟ್ಟೆ ಖಾಲಿಯಾಗಿದೆ ಸಾರ್, ಜಾಗ ಇದೆ," ಎಂದ ಪಿಚ್ಚೈ.

"ನಿನ್ನ ತಲೇನೂ ಖಾಲಿ, ಅದಕ್ಕೆ ಏನು ತುಂಬಿಸ್ತೀಯೋ?" ಎಂದಳು ಅಂಜಲೈ. ಬಣ್ಣ ಬಂದಿತ್ತು ಮುಖಕ್ಕೆ.

ಕಾರು ಮತ್ತೆ ಹೊರಟ ಮೇಲೆ ಅವಳು ಗಂಟಿನ ಮೇಲೆ ಕೈಯಿಟ್ಟುಕೊಂಡು, ಅವನ ಕಡೆ ನೋಡದೆ ಮಾತು ತೆಗೆದಳು.

"ಇದು ನಾಲ್ಕನೇದು ಪೂವರಸಾ."

ಅವನಿಗೆ ಗೊತ್ತಿತ್ತು. ಹಿಂದಿನ ಮೂರೂ ಹಸಿರು ಡ್ರಮ್ಮಿಗೆ ಹೋಗಿದ್ದವು. ಅಂಜಲೈಯ ಮಗಳು ಕಯಲ್ವಿಳಿ ಸಿಂಗಪುರದಲ್ಲಿ ನರ್ಸು. ಮೂರು ವರ್ಷದ ಕೆಳಗೆ ತನಗೆ ಬೇಕಾದವನನ್ನು ರಿಜಿಸ್ಟರ್ ಮದುವೆಯಾಗಿ ಹೊರಟಾಗ ಅಂಜಲೈ ಬಾಗಿಲಲ್ಲಿ ನಿಂತು, ಇನ್ನು ನಾನಾಗಿ ನಿನಗೆ ಫೋನ್ ಮಾಡಿದರೆ ಕೇಳು, ಎಂದಿದ್ದಳು. ಮಗಳೂ ಅದೇ ಮಾತು ಆಡಿದ್ದಳು. ಇಬ್ಬರೂ ಮಾತು ಉಳಿಸಿಕೊಂಡಿದ್ದರು. ಮೊದಲ ಗಂಟು ಒಯ್ದು ಬಂದ ತಿಂಗಳು ಅಂಜಲೈ ಅವನ ಮನೆಗೆ ಬಂದು, "ಏನಂದ್ಳು?" ಎಂದು ಕೇಳಿದಾಗ, ಕಸ್ಟಮ್ಸ್‌ನ ಕಥೆಯನ್ನು ಅವನು ಅದೇ ವಾರ ಎರಡು ಮನೆಗೆ ಹೇಳಿಯಾಗಿತ್ತು. ಹಾಗಾಗಿ, "ತಗೊಂಡ್ಳು, ಏನೂ ಹೇಳಲಿಲ್ಲ," ಎಂದ. ಇಷ್ಟು ಸುಲಭದ ಸುಳ್ಳು ಇನ್ನೊಂದಿರಲಿಲ್ಲ. ಎರಡನೇ ಸಲಕ್ಕೂ ಮೂರನೇ ಸಲಕ್ಕೂ ಅದೇ ಸಾಕಾಯಿತು.

"ಮೂರು ಸಲ ಕೈಯಾರೆ ಇಸ್ಕೊಂಡು ಒಂದು ಮಾತೂ ಆಡಲಿಲ್ಲ ಅಂದ್ರೆ ಅವಳ ಎದೆ ಏನು ಕಲ್ಲಾ?" ಎಂದಳು ಅಂಜಲೈ. "ಇದಕ್ಕೂ ಬಾಯಿ ಬಿಡಲಿಲ್ಲ ಅಂದ್ರೆ ಮುಗೀತು. ನನಗೆ ಮಗಳೇ ಹುಟ್ಟಿರಲಿಲ್ಲ ಅಂದ್ಕೊಂಡು ಅವಳ ಪಾತ್ರೆಗಳನ್ನೆಲ್ಲ ತೂಕಕ್ಕೆ ಹಾಕಿಬಿಡ್ತೀನಿ."

"ಯಾವ ಪಾತ್ರೆ?"

"ಅವಳಿಗೆ ಅಂತ ಕೂಡಿಸಿದ್ದು. ದೊಡ್ಡೋಳಾದ ವರ್ಷದಿಂದ ವರ್ಷಕ್ಕೊಂದು ತಂದು, ಅಂಗಡೀಲೇ ಕೂತು ಅವಳ ಹೆಸರು ಹಾಕಿಸಿ, ಅಟ್ಟದ ಮೇಲೆ ಇಟ್ಟಿದ್ದೆ. ಬರಿಗೈಲಿ ಹೋದಳು. ಅದನ್ನೇ ಒಂದೊಂದಾಗಿ ಕಳಿಸ್ತಾ ಇದೀನಿ. ತಿಂಡಿ ಬರೀ ನೆಪ ಕಣೋ. ಹೆಸರು ನೋಡಿದ್ರೆ ಅವಳಿಗೆ ತಿಳಿಯುತ್ತೆ, ಅಮ್ಮ ಒಪ್ಪಿದ್ದಾಳೆ ಅಂತ." ಗಂಟನ್ನು ತೊಡೆಯ ಮೇಲೆ ನೆಟ್ಟಗಿಟ್ಟುಕೊಂಡು, "ಹೆಸರಿರೋ ಪಾತ್ರೆ ಯಾವ ಮದುವೆ ಮನೇಲಿ ಬಿಟ್ಟು ಬಂದ್ರೂ ಮನೆ ಹುಡುಕ್ಕೊಂಡು ಬರುತ್ತೆ," ಎಂದಳು.

ಪೂವರಸನ್ ಕಿಟಕಿಯಾಚೆ ನೋಡಿದ. ಒಳಗೆ ಪಾತ್ರೆಯಿದೆ ಎಂದು ಅವನಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ? ಏನೂ ಆಗುತ್ತಿರಲಿಲ್ಲ, ಇನ್ನಷ್ಟು ಭಾರ ಅಂದುಕೊಳ್ಳುತ್ತಿದ್ದ. ಆ ಯೋಚನೆ ಬಾಯಲ್ಲಿ ಹುಳಿಯಾಗಿ ಬಂತು. ಅಷ್ಟರಲ್ಲಿ ಗಂಟಿನ ಎಣ್ಣೆ ಬಟ್ಟೆ ದಾಟಿ ಸೀಟಿಗಿಳಿದು ಅವನ ಬಿಳಿ ಅಂಗಿಯ ಅಂಚಿಗೆ ಕೆಂಪಗೆ ಹತ್ತಿತು. ಅವನು ಸ್ಯಾನಿಟೈಸರ್ ಸುರಿದು ಉಜ್ಜಿದ. ಕಲೆ ಹರಡಿತು.

ವಿಮಾನ ನಿಲ್ದಾಣದ ಮುಂದೆ ಎಂದಿನ ಜಾತ್ರೆ. ಒಬ್ಬನನ್ನು ಕಳಿಸಲು ಬಂದ ಹದಿನಾಲ್ಕು ಜನ, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಅಳು, ಸಿಂಬಳ, ಮಗುವೊಂದು ಕಕ್ಕಿದ ಬಿಸ್ಕತ್ತು. ಪಿಚ್ಚೈ ಕಾರು ನಿಲ್ಲಿಸಲು ಮುಂದಕ್ಕೆ ಹೋದ. ಪೂವರಸನ್ ಗಂಟನ್ನು ನೀಲಿ ಚೀಲಕ್ಕೆ ಹಾಕಿಕೊಂಡು ಅತ್ತೆಯ ಜೊತೆ ಬಾಗಿಲ ಕಡೆ ನಡೆದ. ಈ ಸಲ ಒಯ್ಯಲೇಬೇಕು, ಬೇರೆ ದಾರಿಯಿಲ್ಲ. ಒಳಗೆ ಲಗೇಜಿಗೆ ಹಾಕಿ, ಅಲ್ಲಿ ಇಳಿದ ಮೇಲೆ ಬೆಲ್ಟಿನ ಮುಂದೆ ಎಲ್ಲರ ಜೊತೆ ಕಾಯಬೇಕು. ಅಥವಾ ಒಳಗೂ ಕಸದ ಡ್ರಮ್ಮುಗಳಿವೆ. ಈ ಎರಡನೆಯ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನೇ ಒಂದು ಕ್ಷಣ ತಡೆದು ನಿಂತ.

"ಸಾರ್! ಏನ್ ಸಾರ್, ಒಂದು ತಿಂಗಳಿಂದ ಕಾಣಲೇ ಇಲ್ಲ!"

ದಪ್ಪ ಕಂಬದ ಹಿಂದಿನಿಂದ ಒಬ್ಬ ಹೆಂಗಸು ಬಂದಳು. ಗುಡಿಸುವವರ ಕಂದು ಕೋಟು, ಕೈಯಲ್ಲಿ ಉದ್ದ ಹಿಡಿಯ ಮೊರ. ಪೂವರಸನ್ ಅವಳನ್ನು ಎಂದೂ ನೋಡಿರಲಿಲ್ಲ. ಅಂದರೆ, ನೋಡಿದ್ದನ್ನು ನೆನಪಿಟ್ಟಿರಲಿಲ್ಲ.

"ಯಾರೋ ಬೇರೆಯವರಿರ್ಬೇಕು ಕಣಮ್ಮ, ಹೋಗು."

"ಬೇರೆಯವರಾ? ನೀಲಿ ಚೀಲ ನಂಗೆ ಗುರುತಿಲ್ವಾ? ನಾನು ಆರೋಕ್ಯಮೇರಿ ಸಾರ್. ನೀವು ಹಾಕಿಹೋಗೋದನ್ನೆಲ್ಲ ಎತ್ಕೊಳ್ಳೋಳು ನಾನೇ. ಗಂಟು ಬಿಚ್ಚದೆ ಹಾಗೇ ಇರುತ್ತೆ, ದೇವರು ಕೊಟ್ಟ ಹಾಗೆ. ಇರಿ ಸಾರ್, ಒಂದು ನಿಮಿಷ, ನಿಮ್ಮ ಸಾಮಾನು ನನ್ನ ಹತ್ರ ಉಳಿದಿದೆ."

ಅವನು ಬೇಡ ಎಂದು ಕೈಯೆತ್ತುವಷ್ಟರಲ್ಲಿ ಅವಳು ಕಂಬದ ಬದಿಯ ಸಣ್ಣ ಬಾಗಿಲು ತೆರೆದು, ಪೊರಕೆ ಫಿನಾಯಿಲುಗಳ ನಡುವಿನಿಂದ ಹಳೆ ಪೇಪರಿನ ಕಟ್ಟೊಂದನ್ನು ತಂದು ಬಿಚ್ಚಿದಳು. ಮೂರು ಸ್ಟೀಲ್ ಡಬ್ಬಿಗಳು, ಒಂದಕ್ಕಿಂತ ಒಂದು ದೊಡ್ಡದು. ಹುಣಿಸೆಹಣ್ಣು ಹಾಕಿ ತಿಕ್ಕಿದಂತೆ ಹೊಳೆಯುತ್ತಿದ್ದವು.

"ತಿಂಡಿ ಬೇಡ ಅಂದ್ರೆ ಸರಿ ಸಾರ್. ಹೆಸರು ಹಾಕಿಸಿದ ಪಾತ್ರೆ ಯಾರಾದ್ರೂ ಕಸಕ್ಕೆ ಹಾಕ್ತಾರಾ? ಮರೆತು ಎಸೆದಿರ್ತೀರ ಅಂತ ತೊಳೆದಿಟ್ಟಿದ್ದೆ. ಯಾರು ಸಾರ್ ಕಯಲ್ವಿಳಿ? ನಿಮ್ಮ ಮನೆಯವ್ರಾ?"

ಅಂಜಲೈ ಚಿಕ್ಕ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳದ ಮೇಲಿನ ಚುಕ್ಕಿ ಚುಕ್ಕಿ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಪೂವರಸನ್ ಬೈಗುಳಕ್ಕೆ ಕಾದ.

"ಅತಿರಸ ಗಟ್ಟಿಯಾಗಿತ್ತಾ?" ಎಂದು ಅವಳು ಆರೋಕ್ಯಮೇರಿಯನ್ನು ಕೇಳಿದಳು.

"ನೀವು ಮಾಡಿದ್ದಾ ಅಕ್ಕಾ? ಅಯ್ಯೋ, ಬೆಣ್ಣೆ! ನನ್ನ ಮಗಳು ಮೂರು ದಿನ ಬಚ್ಚಿಟ್ಟುಕೊಂಡು ತಿಂದ್ಲು."

"ಮೂರನ್ನೂ ನೀನೇ ತಿಂದ್ಯಾ?"

ಆರೋಕ್ಯಮೇರಿಯ ಮುಖ ಇಳಿಯಿತು. ಏನೋ ಕೆಟ್ಟಿದೆ ಎಂದು ಅವಳಿಗೆ ಈಗ ಹೊಳೆಯಿತು. "ತಪ್ಪಾಯ್ತಾ ಅಕ್ಕಾ?"

"ಇಲ್ಲ ತಾಯಿ, ಇಲ್ಲ." ಅಂಜಲೈ ಇದ್ದಕ್ಕಿದ್ದಂತೆ ನಕ್ಕಳು; ಕಣ್ಣಿನಿಂದ ನೀರು ಸುರಿಯುತ್ತಿತ್ತು. "ಅವಳ ಕೈಗೆ ಸಿಕ್ಕೇ ಇಲ್ಲ. ಅವಳ ಕೈಗೆ ಸೇರೇ ಇಲ್ಲ ಅಂದ್ಮೇಲೆ ಅವಳು ಏನು ಹೇಳ್ತಾಳೆ? ನನ್ನ ಮಗಳು ಬೇಕಂತ ಸುಮ್ಮನಿರಲಿಲ್ಲ. ಕೇಳಿದ್ಯಾ? ನನ್ನ ಮಗಳು ಕಲ್ಲಲ್ಲ."

ಆಮೇಲೆ ಪೂವರಸನ ಕಡೆ ತಿರುಗಿದಳು. ಆ ನೋಟ ಅವನಿಗೆ ಚೆನ್ನಾಗಿ ಪರಿಚಯವಿತ್ತು. ತೊಟ್ಟಿಯಲ್ಲಿ ಉಬ್ಬಿದ ಅಗುಳನ್ನು ತಾನು ನೋಡುವ ನೋಟ ಅದು.

"ಅತ್ತೆ, ಎಣ್ಣೆ ಪದಾರ್ಥ ಕೈಚೀಲದಲ್ಲಿ ಬಿಡಲ್ಲ, ನಾನು..."

"ಫೋನ್ ತೆಗಿ."

"ಅತ್ತೆ..."

"ನಂಬರು ಗಂಟಿನ ಮೇಲೆ ಬರೆದಿದೆ. ಪ್ರತಿ ಸಲಾನೂ ಬರೆದಿದ್ದೆ. ಹಚ್ಚು. ನೀನೇ ಹೇಳು ಅವಳಿಗೆ. ಒಂದು ಅಕ್ಷರ ಬಿಟ್ರೂ ನಾನು ಇಲ್ಲೇ ಕೂಗಿ ಈ ಜನಕ್ಕೆಲ್ಲ ಹೇಳ್ತೀನಿ."

ಅವನು ಗಂಟನ್ನು ನೀಲಿ ಚೀಲದಿಂದ ಹೊರತೆಗೆದು, ನಂಬರು ನೋಡಿ ಹಚ್ಚಿದ. ಮೂರನೇ ಸಲ ಬಡಿದುಕೊಂಡ ಮೇಲೆ ಅತ್ತಲಿಂದ ಹೆಣ್ಣುದನಿ ಬಂತು. ಅವನು ಹೇಳಿದ. ಮೂರು ಡಬ್ಬಿ, ಮೂರು ಸಲ, ಕಸಕ್ಕೆ ಹಾಕಿದೆ, ನಿನಗೆ ಕೊಟ್ಟೆ ಅಂದೆ, ನೀನು ಏನೂ ಹೇಳಲಿಲ್ಲ ಅಂದೆ. ತನ್ನ ಬಾಯಿಂದ ಬಂದ ಮಾತುಗಳಿಗೆ ಒಂದು ವಾಸನೆಯಿತ್ತು, ಅದು ತೊಕ್ಕಿನದಲ್ಲ. ಎಲ್ಲ ಕೇಳಿದ ಮೇಲೆ ಕಯಲ್ವಿಳಿ, "ಅಮ್ಮ ಅಲ್ಲೇ ಇದಾಳಾ?" ಎಂದಳು.

ಅಂಜಲೈ ಸೆರಗಿನ ತುದಿಯನ್ನು ಅಂಗೈಗೆ ಸುತ್ತಿಕೊಂಡಳು. ಆ ಬಟ್ಟೆಯಲ್ಲೇ ಅವನ ಫೋನನ್ನು ಹಿಡಿದು, ಗಾಜು ಕೆನ್ನೆಗೆ ತಾಗದಂತೆ ಒಂದು ಬೆರಳು ದೂರವಿಟ್ಟುಕೊಂಡು, "ನಾನಾಗಿ ಮಾಡಿಲ್ಲ ಕಣೇ, ಇವನು ಹಚ್ಚಿಕೊಟ್ಟ," ಎಂದಳು. ಹಾಗೆನ್ನುತ್ತಲೇ ಕಂಬದ ಕಟ್ಟೆಯ ಮೇಲೆ ಕುಸಿದು ಕೂತಳು.

ಪೂವರಸನ್ ಗಡಿಯಾರ ನೋಡಿದ. ಬಾಗಿಲಲ್ಲಿದ್ದ ಕಾವಲಿನವನ ಬಳಿ ಹೋದರೆ ಅವನು ಟಿಕೆಟ್ ಕೇಳಿದ. ಟಿಕೆಟ್ ಫೋನಿನೊಳಗಿತ್ತು. ಫೋನ್ ಸೆರಗಿನೊಳಗಿತ್ತು. ಅವನು ಹಿಂದಕ್ಕೆ ಬಂದು ಹಸಿರು ಡ್ರಮ್ಮಿನ ಪಕ್ಕದಲ್ಲಿ ನಿಂತ.

"ಅತ್ತೆ, ಕೌಂಟರ್ ಮುಚ್ತಾರೆ."

ಅಂಜಲೈ ಕೇಳಿಸಿಕೊಳ್ಳಲಿಲ್ಲ. "ಈ ಸಲದ ದೊಡ್ಡ ಡಬ್ಬೀಲಿ ತೊಕ್ಕು ಇದೆ ಕಣೇ," ಎನ್ನುತ್ತಿದ್ದಳು, "ನಿನಗೆ ಇಷ್ಟ ಅಂತ ಬೆಳ್ಳುಳ್ಳಿ ಜಾಸ್ತಿ ಹಾಕಿದೀನಿ. ತೂಕ ಇಳಿದಿದ್ಯಾ? ಅಳಬೇಡ. ಅಳಬೇಡ ಅಂದೆ."

"ಸಾರ್, ಅಲ್ಲಿ ನಿಲ್ಲಬೇಡಿ, ಗುಡಿಸ್ಬೇಕು," ಎಂದಳು ಆರೋಕ್ಯಮೇರಿ, ಮೊದಲಿನ ನಗುವಿಲ್ಲದೆ. ಅವನು ಪಕ್ಕಕ್ಕೆ ಸರಿದ. ಸ್ಯಾನಿಟೈಸರ್‌ಗೆ ಜೇಬು ಮುಟ್ಟಿದ. ಶೀಶೆ ಕಾರಿನಲ್ಲೇ ಖಾಲಿಯಾಗಿತ್ತು. ಎದೆಗವಚಿ ಹಿಡಿದ ಗಂಟಿನಿಂದ ಎಣ್ಣೆ ಬೆರಳ ಸಂದಿಗಿಳಿದು, ಮಣಿಕಟ್ಟು ದಾಟಿ, ಗಡಿಯಾರದ ಪಟ್ಟಿಯ ಕೆಳಗೆ ಮೆಲ್ಲಗೆ ಹರಿಯುತ್ತಿತ್ತು.